ದೀಪ ಹಚ್ಚಿದ ಮೇಲೆ ಬಂದ ಗಾಡಿ

ಡೀಸೆಲ್ ಗಾಡಿ ಓಡಿಸಿದಷ್ಟು ದಿನ ನನ್ನನ್ನು ಕಂಡು ಯಾರೂ ಹೆದರಿರಲಿಲ್ಲ. ಬ್ಯಾಟರಿ ಕಾರು ತಂದ ಮೇಲೆ ಹೆದರದವರೇ ಇಲ್ಲ. ಮೊದಲ ದಿನದ್ದು ನೆನೆದರೆ ಇವತ್ತಿಗೂ ನಗು ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಪಾರ್ವತಿನಗರದ ಲಾಡ್ಜಿನಲ್ಲಿ ಮೈಸೂರಿನ ಗಂಡ ಹೆಂಡತಿ ಹತ್ತಿದರು. ಹೊಗೆ ಬಿಡದ ಗಾಡಿಯಲ್ಲೇ ಸುತ್ತಲಿನ ಊರು ನೋಡಬೇಕೆಂದು ಅವರ ಹಟ. ಲಾಡ್ಜಿನ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, "ಇವರಿಗೆ ಸಂಜಿ ರೈಲು ತಪ್ಪಿತಂದ್ರ, ನಾಳಿಂದ ನಮ್ಮ ಗಿರಾಕಿ ಬ್ಯಾರೆ ಗಾಡಿಗೆ" ಅಂದರು.

ಕುರುಗೋಡಿನ ಅಜ್ಜ

ರಸ್ತೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅಜ್ಜ ತಿರುಗಿದ. ಕಾರು ಅವನ ಬೆನ್ನಿಗೇ ನಿಂತಿತ್ತು.

"ಯಾವಾಗ ಬಂದ್ರಿ?"

"ಈಗ, ಅಜ್ಜಾ."

"ಸಪ್ಪಳ ಇಲ್ಲ?"

"ಇದು ಸಪ್ಪಳ ಮಾಡಂಗಿಲ್ಲ."

ಅಜ್ಜನ ಮುಖ ಬಿಳಿಚಿತು. ದೆವ್ವದ ಪಾದ ಹಿಂದಕ್ಕೆ ತಿರುಗಿರುತ್ತದಲ್ಲ, ಮೆಲ್ಲಗೆ ಬಗ್ಗಿ ನಾಲ್ಕೂ ಗಾಲಿ ನೋಡಿದ. "ಮುಂದಕ್ಕ ಅದಾವ. ಹೋಗ್ರಿ" ಅಂದ.

ಸಿರುಗುಪ್ಪದ ಯಂತ್ರ

ಬಿಸಿಲಿಗೆ ಎ.ಸಿ. ಹಾಕಿ ಹಾಕಿ ಚಾರ್ಜ್ ಇಳಿಯಿತು. ಮೊಬೈಲ್ ತೋರಿಸಿದ ಚಾರ್ಜಿಂಗ್ ಜಾಗ ಊರಾಚೆ, ಬಾಗಿಲು ಹಾಕಿದ ಅಕ್ಕಿ ಗಿರಣಿಯ ಅಂಗಳದಲ್ಲಿ. ನರಪಿಳ್ಳೆಯಿಲ್ಲ. ಗದ್ದೆಯ ಮೇಲೆ ಗಾಳಿಯೂ ಆಡುತ್ತಿರಲಿಲ್ಲ. ನಾವು ಹತ್ತಿರ ಹೋದೊಡನೆ ಯಂತ್ರಕ್ಕೆ ತಾನಾಗಿ ಬೆಳಕು ಬಂದು, "ನಮಸ್ಕಾರ. ಒಟಿಪಿಗಾಗಿ ಕಾಯುತ್ತಿದ್ದೇನೆ" ಎಂದು ಹೆಣ್ಣು ದನಿ ಕೇಳಿಸಿತು. ಒಟಿಪಿ ಬರಲು ಅಲ್ಲಿ ನೆಟ್‌ವರ್ಕೇ ಇಲ್ಲ. ಮೂವರೂ ಮೊಬೈಲ್ ಎತ್ತಿ ಹಿಡಿದು ಅಂಗಳವೆಲ್ಲ ಸುತ್ತಿದೆವು. ಸೋತು, ಉಳಿದ ಚಾರ್ಜನ್ನೇ ನಂಬಿ ಹೊರಟಾಗಲೂ ಆ ದನಿ ಹಿಂದಿನಿಂದ, "ಕಾಯುತ್ತಿದ್ದೇನೆ" ಅನ್ನುತ್ತಲೇ ಇತ್ತು.

"ಪಾಪ ಕಣ್ರೀ, ಅದಕ್ಕಾದರೂ ಯಾರಿದ್ದಾರೆ" ಅಂದರು ಹೆಂಡತಿ.

ಸಂಗನಕಲ್ಲಿನ ಊಟ

ಗುಡ್ಡದ ಬಂಡೆ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಗಂಡ ಬಡಿದರು, ಟಣ್ ಅಂತು. ಬಡಿಯದೆಯೂ ಇನ್ನೊಮ್ಮೆ ಟಣ್ ಅಂತು. ಗಂಡ ಕಲ್ಲು ಬಿಸಾಕಿ ಓಡಿದರು. ನೋಡಿದರೆ ಅವರ ಜೇಬಿನ ಮೊಬೈಲಿಗೇ ಸಿರುಗುಪ್ಪದ ಒಟಿಪಿ ಬಂದಿತ್ತು.

ಕೆಳಗಿಳಿದು ಊರೊಳಗೆ ಬರುತ್ತಲೇ ಚಾರ್ಜ್ ಮುಗಿದು ಕಾರು ಒಂದು ಮನೆಯ ಮುಂದೆ ನಿಂತುಬಿಟ್ಟಿತು. ಮುಸ್ಸಂಜೆ, ರೈಲಿನ ಹೊತ್ತು ಹತ್ತಿರ. ನನಗೆ ಅಳುವೇ ಬಂತು. ಆ ಮನೆಯ ಅಮ್ಮನಿಗೆ ಸ್ವಲ್ಪ ಕರೆಂಟು ಕೊಡಿ ಎಂದು ಕೈ ಮುಗಿದೆ.

"ದೀಪ ಹಚ್ಚೀನಿ. ಈಗ ಮನ್ಯಾಗಿಂದ ಉಪ್ಪು, ಮೊಸರು ಸೈತ ಹೊರಗ ಕೊಡಂಗಿಲ್ಲ. ಕರೆಂಟು ಹೆಂಗ ಕೊಡ್ಲಿ?" ಸ್ವಲ್ಪ ಯೋಚಿಸಿ, "ಒಳಗ ಬಂದು ಉಂಡು ಹೋಗೋರಿಗೆ ಇಲ್ಲ ಅನ್ನಂಗಿಲ್ಲ. ನಿಮ್ಮ ಗಾಡೀನ ಕರ್ಕೊಂಡು ಬರ್ರಿ" ಅಂದಳು.

ಕಾರನ್ನು ಕೊಟ್ಟಿಗೆಗೆ ತಳ್ಳಿ, ವೈರು ಸಿಕ್ಕಿಸಿದೆವು. ಕತ್ತಲಲ್ಲಿ ಅದರ ಹಸಿರು ದೀಪ ಮಿಣುಕುತ್ತಿತ್ತು. ಎಮ್ಮೆ ರೆಪ್ಪೆ ಬಡಿಯದೆ ನೋಡುತ್ತಿತ್ತು. ಸ್ಟೇಷನ್ ಮುಟ್ಟುವಷ್ಟು ಚಾರ್ಜ್ ಆಯಿತು. ಆಗ ಅಮ್ಮನ ಸೊಸೆ ಪಿಸುಗುಟ್ಟಿದಳು: "ಅತ್ತಿ, ಗಾಡಿ ಹೋದ್ರ ಕರೆಂಟೂ ಹೊರಗ ಹೋಗತೈತಲ್ಲ?"

"ಉಂಡ ಅಳಿಯ ಹೊಟ್ಟಿ ಇಲ್ಲೇ ಬಿಟ್ಟು ಹೋಗ್ತಾನೇನು?"

ನಾನು ಸದ್ದಿಲ್ಲದೆ ಹಿಂದಕ್ಕೆ ತೆಗೆದೆ. ಗಾಲಿ ಹೊಸ್ತಿಲು ದಾಟಿದ್ದೇ ತಡ, ಇಡೀ ಊರಿನ ಕರೆಂಟು ಹೋಯಿತು. ಒಂದು ನಾಯಿಯೂ ಬೊಗಳಲಿಲ್ಲ. ಕತ್ತಲೊಳಗಿಂದ ಅಮ್ಮನ ದನಿ ಮಾತ್ರ ಬಂತು: "ಏನ್ ಹಸಿವಲೇ ಯಪ್ಪಾ ಇದಕ್ಕ."

ರೈಲು ಸಿಕ್ಕಿತು. ಲಾಡ್ಜಿನ ಗಿರಾಕಿಗಳೂ ನನಗೇ ಉಳಿದರು. ಆದರೆ ಈಗಲೂ ಆ ಓಣಿಗೆ ನನ್ನ ಕಾರು ತಿರುಗಿದರೆ ಸಾಕು, ಮನೆಮನೆಯಲ್ಲೂ ಮೇನ್ ಸ್ವಿಚ್ ಆರಿಸುತ್ತಾರೆ.