ಕರೇಕಲ್ಲಹಟ್ಟಿ ಸಂಘದ ಪ್ರಭಾರ ನಾಯಿ

ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಹೋಬಳಿ, ಕರೇಕಲ್ಲಹಟ್ಟಿ ಕುರಿಗಾರರ ಸಹಕಾರ ಸಂಘದಲ್ಲಿ ಮಂಜೂರಾದ ನಾಯಿ ಹುದ್ದೆ ಒಂದೇ ಒಂದು. ಆ ಹುದ್ದೆಯಲ್ಲಿದ್ದ ಬೋರ ಎಂಬ ನಾಯಿಯು ವಯಸ್ಸಾಗಿ ತೀರಿಕೊಂಡದ್ದರಿಂದ ಸದರಿ ಹುದ್ದೆಯು ತೆರವಾಯಿತು. ಇಂಥ ಸಂದರ್ಭದಲ್ಲಿ ಶೋಕಾಚರಣೆ ಮಾಡಬೇಕೋ ಬೇಡವೋ ಎಂದು ನಿಯಮಾವಳಿಯಲ್ಲಿ ಏನೂ ಹೇಳಿಲ್ಲ. ಆದ್ದರಿಂದ ಎಲ್ಲರೂ ಎದ್ದು ನಿಂತು ಟೀ ಕುಡಿದೆವು.

ನಾನು ಆ ಸಂಘದ ನಿರ್ದೇಶಕರಲ್ಲೊಬ್ಬ. ಮುಂದೆ ನಡೆದದ್ದನ್ನು ಇಟ್ಟುಕೊಂಡು ಸುತ್ತಲ ಹಳ್ಳಿಯವರು ನಮ್ಮನ್ನು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ ಬಿಡಿ. ಅವರ ಊರಿನಲ್ಲಿ ಏನೇನು ನಡೆಯುತ್ತದೆ ಅಂತ ನಮಗೂ ಗೊತ್ತು. ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು ಎಂದು ತಿಳಿಸುವುದಷ್ಟೇ ನನ್ನ ಕೆಲಸ.

ಬೋರ ಕಾಯುತ್ತಿದ್ದದ್ದು ಸಂಘದ ಕಟ್ಟಡದ ಹಿಂದಿನ ಕುರಿರೊಪ್ಪವನ್ನು. ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಪಾತಮ್ಮನ ಕುರಿಗಳು. ಪಾತಮ್ಮನಿಗೆ ಗಂಡನಿಲ್ಲ, ಹೊಲವಿಲ್ಲ. ಇರುವುದು ಆ ಕುರಿಗಳು ಮತ್ತು ಆಚೆ ಊರಿಗೂ ಕೇಳುವ ಗಂಟಲು. ಬೋರ ಹೋದ ವಾರದಲ್ಲೇ ಊರಾಚೆಯ ಹುಲ್ಲುಗಾವಲಿನ ಕಡೆಯಿಂದ ತೋಳ ಬಂದು ಅವಳದೊಂದು ಮರಿ ಹೊತ್ತುಕೊಂಡು ಹೋಯಿತು. ಬೆಳಗ್ಗೆ ಸಂಘದ ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

“ಮೊಳಕಾಲ್ಮುರು ಹತ್ರ ನನ್ನ ತಮ್ಮ ಜುಂಜಣ್ಣ ಅವ್ನಲ್ಲ, ಅವನ ನಾಯಿ ಮರಿ ಹಾಕೈತೆ. ನಮ್ಮ ಬೋರನ ಮೊಮ್ಮಕ್ಕಳು. ಅದ್ರಾಗೆ ಒಂದು ಕಿವಿ ಕರ್ರಗಿರೋ ಮರಿ ಐತೆ, ಬೋರನ ಮುಖಾನೇ. ನಾಳೆ ಬಸ್ಸಿಗೆ ಹೋಗಿ ಮಡ್ಲಾಗಿಟ್ಕಂಡು ಬರ್ತೀನಿ,” ಅಂದಳು.

“ತರೋಕೆ ಬರಲ್ಲ ಪಾತಮ್ಮ,” ಅಂದರು ಕಾರ್ಯದರ್ಶಿ ಹನುಮಂತರಾಜು.

“ಯಾಕ್ ಬರಲ್ಲ? ಬಸ್ ಐತಲ್ಲ.”

“ಬಸ್ ಐತೆ. ನಿಯಮ ಇಲ್ಲ. ರೊಪ್ಪ ಸಂಘದ್ದು. ಅದರೊಳಗೆ ಇರೋದು ಒಂದೋ ಕುರಿ ಆಗಿರಬೇಕು, ಇಲ್ಲಾ ಸಂಘ ಆರಿಸಿದ ನಾಯಿ ಆಗಿರಬೇಕು. ಮೂರನೇದಕ್ಕೆ ಜಾಗ ಇಲ್ಲ.”

“ತೋಳಕ್ಕೆ ಐತಾ?”

ಹನುಮಂತರಾಜು ಅದನ್ನು ಪರಿಶೀಲಿಸುವುದಾಗಿ ಹೇಳಿದರು.

ಅಧ್ಯಕ್ಷ ಉಗ್ರಪ್ಪನವರು, ಹನುಮಂತರಾಜು ಮತ್ತು ನಾನು ಸೇರಿ ಶ್ವಾನ ಆಯ್ಕೆ ಸಮಿತಿಯಾದೆವು. ಮರುದಿನವೇ ಸಂಘದ ಗೋಡೆಗೆ ಪ್ರಕಟಣೆ ಅಂಟಿಸಿದೆವು: “ಅಭ್ಯರ್ಥಿ ನಾಯಿಯು ದೃಢಕಾಯವಾಗಿರತಕ್ಕದ್ದು. ವಯಸ್ಸು ಮೂರು ತಿಂಗಳು ಮೀರಿರತಕ್ಕದ್ದಲ್ಲ. ಕುರಿ ಕಾದು ಕನಿಷ್ಠ ಐದು ವರ್ಷಗಳ ಅನುಭವ ಹೊಂದಿರತಕ್ಕದ್ದು. ಅಪರಿಚಿತರನ್ನು ಕಂಡಲ್ಲಿ ಬೊಗಳತಕ್ಕದ್ದು. ಆದರೆ ಅಧ್ಯಕ್ಷರನ್ನು, ಅಧ್ಯಕ್ಷರ ನೆಂಟರನ್ನು ಹಾಗೂ ಅವರು ಹೊತ್ತೊಯ್ಯುವ ಸಾಮಾನುಗಳನ್ನು ಕಂಡಲ್ಲಿ ಬೊಗಳತಕ್ಕದ್ದಲ್ಲ. ಶಿಫಾರಸು ತರುವ ನಾಯಿಗಳನ್ನು ಅನರ್ಹಗೊಳಿಸಲಾಗುವುದು.”

ಆಯ್ಕೆ ಮುಗಿಯುವ ತನಕ ಹುದ್ದೆಯನ್ನು ಖಾಲಿ ಬಿಡುವಂತಿರಲಿಲ್ಲ. ಯಾವ ಕಚೇರಿಯಲ್ಲಾದರೂ ಹೀಗಾದಾಗ ಪಕ್ಕದ ಮೇಜಿನವರಿಗೆ ಪ್ರಭಾರ ವಹಿಸುವುದು ರೂಢಿ. ಪಕ್ಕದ ಮೇಜಿನಲ್ಲಿ ಗುಮಾಸ್ತ ರವಿಕಿರಣ್ ಇದ್ದ. ಅವನನ್ನು ಪ್ರಭಾರ ನಾಯಿಯಾಗಿ ನೇಮಿಸಿ ಆದೇಶ ಹೊರಡಿಸಿದೆವು. ಸೂರ್ಯಾಸ್ತದ ನಂತರ ರೊಪ್ಪದ ಬಳಿ ಹಾಜರಿದ್ದು, ಅಗತ್ಯಕ್ಕೆ ತಕ್ಕಂತೆ ಬೊಗಳುವುದು.

“ಸಾರ್, ನಾನು ಬಿಕಾಂ,” ಅಂದ ರವಿಕಿರಣ್.

“ಅದಕ್ಕೇ ಕಣಪ್ಪ ಬರೀ ಪ್ರಭಾರ ಕೊಟ್ಟಿರೋದು,” ಅಂತ ಉಗ್ರಪ್ಪನವರು ಅವನ ಬೆನ್ನು ಸವರಿದರು.

“ಬೊಗಳೋಕೆ ಬರಲ್ಲ ಸಾರ್.”

ಬಾಗಿಲಲ್ಲಿ ನಿಂತಿದ್ದ ಪಾತಮ್ಮ, “ಮೀಟಿಂಗಿನಾಗೆ ಇವರ ಪಕ್ಕದಾಗೇ ಕೂರ್ತೀಯಲ್ಲೋ ಮಗಾ, ಇನ್ನೂ ಕಲ್ತಿಲ್ವಾ?” ಅಂದಳು. ಈ ಮಾತನ್ನು ಸಮಿತಿಯು ಕೇಳಿಸಿಕೊಳ್ಳಲಿಲ್ಲ.

ರವಿಕಿರಣ್ ಮೊದಲೆರಡು ದಿನ ನಾಚಿಕೊಂಡು ಬೊಗಳಿದ. ಕುರಿಗಳೇ ಮುಖ ತಿರುಗಿಸಿದವು. ಆಮೇಲೆ ಪಾತಮ್ಮ ಅವನಿಗೆ ಹೊಟ್ಟೆತುಂಬ ಮುದ್ದೆ ಇಟ್ಟು, ಪಕ್ಕದಲ್ಲಿ ನಿಂತು ತಿದ್ದಿದಳು. ವಾರದಲ್ಲಿ ಎಷ್ಟು ಪಳಗಿದ ಅಂದರೆ, ಸಾಯಂಕಾಲ ಬಸ್ಸಿಳಿದವರು ಆ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗತೊಡಗಿದರು.

ಇತ್ತ ಸಮಿತಿಯು ನಾಯಿ ನೋಡಲು ಹೊರಟಿತು. ನಮ್ಮ ಕಡೆ ಮನೆಗೆ ಹೊಸಬರನ್ನು ತರುವುದಕ್ಕೆ ಒಂದು ಕ್ರಮವಿದೆ, ಹೆಣ್ಣು ನೋಡುವ ಶಾಸ್ತ್ರ. ಬೇರೆ ಕ್ರಮ ನಮಗೆ ಗೊತ್ತಿಲ್ಲ. ಆದ್ದರಿಂದ ರಾಹುಕಾಲ ಕಳೆದು, ಬಾಡಿಗೆ ಕಾರು ಮಾಡಿಕೊಂಡು, ಹೆಂಡತಿಯರನ್ನೂ ಕರೆದುಕೊಂಡು ಜುಂಜಣ್ಣನ ಮನೆಗೆ ಹೋದೆವು. ಪಾಪ, ಅವನು ಮರಿಗಳಿಗೆ ಮೀಸಿ, ಕುಂಕುಮ ಇಟ್ಟು, ಚಾಪೆಯ ಮೇಲೆ ಕೂರಿಸಿದ್ದ. ಅವನ ಹೆಂಡತಿ ಉಪ್ಪಿಟ್ಟು ಕೇಸರಿಬಾತು ತಂದಿಟ್ಟಳು.

“ತಾಯಿ ಕಡೆ ನಮಗೆ ಗೊತ್ತಿರೋದೇ, ಬೋರನ ಮಗಳು,” ಅಂದರು ಉಗ್ರಪ್ಪನವರು ಎರಡನೇ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತ. “ತಂದೆ ಏನು ಮಾಡ್ಕಂಡವ್ರೆ?”

“ಅಪ್ಪ ಯಾರಂತ ತಿಳೀದು ಸಾಮಿ,” ಅಂದ ಜುಂಜಣ್ಣ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನುಮಂತರಾಜು ಗಂಟಲು ಸರಿಮಾಡಿಕೊಂಡು, “ತಂದೆ ಊರಿನಲ್ಲಿಲ್ಲ ಅಂತ ಬರ್ಕಂತೀನಿ ಬಿಡ್ರಿ,” ಎಂದು ಮಾನ ಉಳಿಸಿದರು.

ಕರೀಕಿವಿಯ ಮರಿಯನ್ನು ನಡೆಸಿ ನೋಡಿದೆವು. ಹನುಮಂತರಾಜು “ಬಾ” ಅಂದರು. ಬರಲಿಲ್ಲ. “ಬಾರಮ್ಮ” ಅಂದರು. ಆಕಳಿಸಿತು. ಜುಂಜಣ್ಣ “ದಾ, ದಾ” ಅಂದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಓಡಿಬಂತು.

“ಇದಕ್ಕೆ ತೆಲುಗು ಮಾತ್ರ ಬರೋದಾ?”

“ಗಡಿ ಸೀಮೆ ಅಲ್ವಾ ಸಾಮಿ. ನಾವೂ ಮನೆಯಾಗೆ ಹಂಗೇ.”

“ಸಂಘದ ವ್ಯವಹಾರ ಎಲ್ಲಾ ಕನ್ನಡದಾಗೆ ಐತೆ,” ಎಂದು ಹನುಮಂತರಾಜು ನಿಟ್ಟುಸಿರು ಬಿಟ್ಟರು. ಅಧ್ಯಕ್ಷರ ಹೆಂಡತಿಗೆ ಮರಿಯ ಬಾಲ ಸ್ವಲ್ಪ ಎಡಕ್ಕೆ ಬಾಗಿದೆ ಅನ್ನಿಸಿತು. ಕೊನೆಗೆ ಉಗ್ರಪ್ಪನವರು ಕೈತೊಳೆದುಕೊಂಡು, ಇಂಥ ಸಂದರ್ಭದಲ್ಲಿ ಆಡಬೇಕಾದ ಮಾತನ್ನು ಆಡಿದರು: “ಊರಿಗೆ ಹೋಗಿ ತಿಳಿಸ್ತೀವಿ.”

ಅಷ್ಟು ದೂರ ಹೋದಮೇಲೆ ಮೊಳಕಾಲ್ಮುರು ಸೀರೆ ನೋಡದೆ ಬರುವುದುಂಟೇ? ನೋಡಿದೆವು. ಸೀರೆಗಳನ್ನು ಆರಿಸುವುದಕ್ಕೆ ಸಮಿತಿಗೆ ಸ್ವಲ್ಪವೂ ತಡವಾಗಲಿಲ್ಲ. ಖರ್ಚನ್ನು “ನಾಯಿಯ ಹೊದಿಕೆ” ಎಂಬ ಬಾಬ್ತಿನಲ್ಲಿ ತೋರಿಸಿದೆವು.

ಒಂದೇ ಕಡೆ ನೋಡಿ ಒಪ್ಪಿಕೊಂಡರೆ ಜನ ಏನಂದುಕೊಂಡಾರು? ನನ್ನಿವಾಳದಲ್ಲಿ ನೋಡಿದೆವು, ಸಿದ್ದಾಪುರದಲ್ಲಿ ನೋಡಿದೆವು. ಎಲ್ಲ ಕಡೆಯೂ ಉಪ್ಪಿಟ್ಟು ಚೆನ್ನಾಗಿತ್ತು. ಒಂದು ನಾಯಿಯ ಬಣ್ಣ ಕಪ್ಪಾಯಿತು, ಒಂದರ ಮನೆಯವರು ಸರಿಯಾಗಿ ಮಾತಾಡಿಸಲಿಲ್ಲ, ಇನ್ನೊಂದು ನಾಯಿ ನಮ್ಮ ಅಧ್ಯಕ್ಷರನ್ನೇ ನೋಡಿ ಬೊಗಳಿತು. ಪಾತಮ್ಮ ದಿನವೂ ಬಂದು “ನನ್ನ ಕರೀಕಿವಿ ಏನಾಯ್ತು?” ಎಂದು ಕೇಳುತ್ತಿದ್ದಳು. “ಜಾತಕ ನೋಡಿಸ್ತಿದೀವಿ,” ಎನ್ನುತ್ತಿದ್ದೆವು. ಸುಳ್ಳಲ್ಲ.

ಹೀಗಿರುವಾಗ ಎರಡನೇ ಶನಿವಾರ ಬಂತು. ಅಂದು ಸಂಘಕ್ಕೆ ರಜೆ. ಸಂಘಕ್ಕೆ ರಜೆ ಅಂದಮೇಲೆ ಪ್ರಭಾರ ನಾಯಿಗೂ ರಜೆ. ರವಿಕಿರಣ್ ಬಟ್ಟೆ ಒಗೆಯಲು ಊರಿಗೆ ಹೋದ. ತೋಳಕ್ಕೆ ಈ ವಿಷಯ ಹೇಗೆ ತಿಳಿಯಿತೋ, ಬಂದು ಇನ್ನೊಂದು ಮರಿಯನ್ನು ಹೊತ್ತುಕೊಂಡು ಹೋಯಿತು. ಅದು ತಾಯಿ ಸತ್ತ ಮರಿ, ಬೆಳ್ಳಿ ಅಂತ ಹೆಸರು, ಪಾತಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು.

ಸೋಮವಾರ ಪಾತಮ್ಮ ಬಂದಳು. ಗಂಟಲು ಏರಿಸಲಿಲ್ಲ. ಹಾಲಿನ ಬಾಟಲಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, “ಇದನ್ನೂ ನೀವೇ ಇಟ್ಕಳ್ರಪ್ಪ. ಇನ್ನು ನನಗ್ಯಾತಕ್ಕೆ?” ಅಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಾನು ನಿರ್ದೇಶಕ, ನಿಜ. ಆದರೂ ಅವತ್ತು ನಾನು ಉಪ್ಪಿಟ್ಟು ಮುಟ್ಟಲಿಲ್ಲ.

ಸಮಿತಿಯು ತುರ್ತಾಗಿ ಕ್ರಮ ಕೈಗೊಂಡಿತು. ರೊಪ್ಪದ ಪಕ್ಕದ ಜಾಲಿಮರಕ್ಕೆ ಬೋರ್ಡು ಹೊಡೆಸಿದೆವು: “ಎರಡನೇ ಶನಿವಾರ ಸಂಘಕ್ಕೆ ರಜೆ ಇರುವುದರಿಂದ ಯಾರೂ ಬರಕೂಡದು.” ಅಲ್ಲದೆ ಕರೀಕಿವಿಯ ಮರಿಯನ್ನೇ ಒಮ್ಮತದಿಂದ ಆಯ್ಕೆ ಮಾಡಿದೆವು. ಆದರೆ ಅಷ್ಟರಲ್ಲಿ ಅದಕ್ಕೆ ಮೂರು ತಿಂಗಳು ತುಂಬಿ ಹೋಗಿದ್ದರಿಂದ ಅನರ್ಹಗೊಳಿಸಿದೆವು.

ಈ ವಿಷಯ ಕೇಳಿ ಪಾತಮ್ಮ ಸೀದಾ ಹೋಗಿ ಬಸ್ ಹತ್ತಿದಳು. ಮರುದಿನ ಕರೀಕಿವಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಿಳಿದಳು. ಅವತ್ತು ರೊಪ್ಪದಲ್ಲಿ ಕುರಿಗಳ ಕಿವಿಗೆ ಗುರುತಿನ ಹಳದಿ ಬಿಲ್ಲೆ ಹೊಡೆಯುವ ಕಾರ್ಯಕ್ರಮವಿತ್ತು. ಬಿಲ್ಲೆ ಇದ್ದದ್ದು ಮಾತ್ರ ಕುರಿ, ಇಲ್ಲದ್ದು ಕುರಿಯಲ್ಲ ಎಂದು ಹನುಮಂತರಾಜು ಬೆಳಗ್ಗೆಯೇ ಎಲ್ಲರಿಗೂ ಓದಿ ಹೇಳಿದ್ದರು. ಬಿಲ್ಲೆ ಹೊಡೆಯುವವನು ತಲೆ ಬಗ್ಗಿಸಿ ಕೂತಿದ್ದ. ಮುಂದೆ ಬಂದ ಕಿವಿ ಹಿಡಿಯುವುದು, ಕಚಕ್ ಅನ್ನಿಸುವುದು, ಬಿಡುವುದು. ಪಾತಮ್ಮ ಎರಡು ಕುರಿಗಳ ನಡುವೆ ತನ್ನ ಮರಿಯನ್ನು ನುಗ್ಗಿಸಿದಳು. ಕರೀಕಿವಿ ಹಿಡಿದ, ಕಚಕ್ ಅನ್ನಿಸಿದ, “ಮುಂದಿನ್ದು ಬಿಡವ್ವ,” ಅಂದ. ಮರಿ ಕುಂಯ್ ಅಂದದ್ದು ಕುರಿಗಳ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ.

ಹನುಮಂತರಾಜು ಓಡಿಬಂದರು. “ಏಯ್ ಪಾತಮ್ಮ, ಇದು ನಾಯಿ!”

“ಬಿಲ್ಲೆ ನೋಡ್ರಿ ಸಾರ್,” ಅಂದಳು ಅವಳು.

ಅವರು ಬಗ್ಗಿ ಬಿಲ್ಲೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹಳದಿ ಬಣ್ಣ ಸರಿಯಿತ್ತು, ನಂಬರು ಸರಿಯಿತ್ತು. ಮರಿಯೂ ಅವರ ಕೈ ನೆಕ್ಕಿತು. “ಬಿಲ್ಲೆ ಐತೆ ಅಂದಮೇಲೆ ಕುರಿಯೇ,” ಎಂದು ನೆಟ್ಟಗೆ ನಿಂತರು.

“ಬೊಗಳ್ತದಲ್ರಿ?” ಅಂದೆ ನಾನು.

ಉಗ್ರಪ್ಪನವರಿಗೆ ಸಿಟ್ಟೇ ಬಂತು. “ಕುರಿ ಬೊಗಳಬಾರದು ಅಂತ ಎಲ್ಲಿ ಬರೆದೈತೆ, ತೋರ್ಸಯ್ಯ!”

ನಾನು ನಿಯಮಾವಳಿ ತಿರುವಿ ನೋಡಿದೆ, ಎಲ್ಲೂ ಬರೆದಿರಲಿಲ್ಲ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಕುರಿಯಾದವರಿಗೆ ಕನ್ನಡದ ಅಗತ್ಯವಿಲ್ಲವಾದ್ದರಿಂದ ಭಾಷೆಯ ತಕರಾರೂ ಬಿದ್ದುಹೋಯಿತು.

ಈಗ ಆ ಕುರಿ ಚೆನ್ನಾಗಿ ಬೆಳೆದಿದೆ. ತೋಳ ಆಮೇಲೆ ಈ ಕಡೆ ತಲೆ ಹಾಕಿಲ್ಲ. ಬೋರ್ಡು ಓದಿಕೊಂಡಿರಬೇಕು ಎಂದು ಸಮಿತಿಯ ಅಭಿಪ್ರಾಯ. ಉಣ್ಣೆ ಕತ್ತರಿಸುವ ದಿನ ಪಾತಮ್ಮ ಎಲ್ಲ ಕುರಿಗಳ ಜೊತೆ ಅದನ್ನೂ ಸಾಲಿನಲ್ಲಿ ನಿಲ್ಲಿಸಿ, ಒಂದು ಹಿಡಿ ಕೂದಲು ಕತ್ತರಿಸಿ ಸಂಘಕ್ಕೆ ಕೊಟ್ಟಳು. ಉಗ್ರಪ್ಪನವರು ಬೆರಳಲ್ಲಿ ಹೊಸಕಿ ನೋಡಿ, ಅಪರೂಪದ ತಳಿ ಎಂದರು.

ನಾಯಿ ಹುದ್ದೆಯು ಇನ್ನೂ ಭರ್ತಿಯಾಗಿಲ್ಲ. ಸಮಿತಿ ಭಾನುವಾರಗಳಲ್ಲಿ ನಾಯಿ ನೋಡಲು ಹೋಗಿಬರುತ್ತಿದೆ. ರವಿಕಿರಣ್‌ನನ್ನು ನೋಡಲು ಮೊನ್ನೆ ಹೆಣ್ಣಿನ ಕಡೆಯವರು ಬಂದಿದ್ದರು. ಹುಡುಗಿಯ ತಂದೆ, “ಪ್ರಭಾರ ನಾಯಿ ಅಂದ್ರಿ, ಖಾಯಂ ಯಾವಾಗ ಆಗ್ತದೆ?” ಎಂದು ಕೇಳಿದರು. “ಆಗೇ ಆಗ್ತದೆ,” ಎಂದು ಅಧ್ಯಕ್ಷರು ಧೈರ್ಯ ಹೇಳಿದರು. ಅವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದರು.

ಕಳೆದ ವಾರ ತಪಾಸಣೆಗೆ ಬಂದ ಅಧಿಕಾರಿಗಳು ಸಾಯಂಕಾಲದ ತನಕ ಕೂತಿದ್ದರು. ರೊಪ್ಪದ ಕಡೆಯಿಂದ ಬೊಗಳುವ ಸದ್ದು ಬಂತು. “ನಾಯಿ ಹುದ್ದೆ ಖಾಲಿ ಅಂದ್ರಲ್ಲ, ಎರಡೆರಡು ಬೊಗಳ್ತಾ ಇವೆಯಲ್ರಿ?” ಅಂದರು.

“ಒಂದು ಕುರಿ ಸಾರ್,” ಅಂದರು ಹನುಮಂತರಾಜು. “ಇನ್ನೊಂದು ನಮ್ಮ ಗುಮಾಸ್ತ.”

“ಹಾಗಾದರೆ ಸರಿ,” ಎಂದು ಅಧಿಕಾರಿಗಳು ಸಹಿ ಹಾಕಿದರು.

ಅಷ್ಟರಲ್ಲಿ ಪಾತಮ್ಮ ಮುದ್ದೆ ತಟ್ಟೆಗಳನ್ನು ಹಿಡಿದು ಬೇಲಿಯ ಹತ್ತಿರ ನಿಂತು “ದಾ, ದಾ” ಎಂದು ಕೂಗಿದಳು. ಮೊದಲು ಕರೀಕಿವಿ ಓಡಿಬಂತು. ಅದರ ಹಿಂದೆಯೇ ರವಿಕಿರಣ್ ಕೈ ಒರೆಸಿಕೊಳ್ಳುತ್ತ ಬಂದ.