ಇಪ್ಪತ್ತೆರಡು ಸೆಕೆಂಡಿನ ಕತ್ತರಿ

ನಾತ್ಸುಯೊ ನೋಡುತ್ತಿದ್ದ ಸ್ಕೇಟಿಂಗ್ ಪಂದ್ಯ ಅರ್ಧಕ್ಕೇ ನಿಂತುಹೋಯಿತು. ಟೀವಿಯಲ್ಲಿ ಹುಡುಗಿ ಮಂಜುಗಡ್ಡೆಯ ಮೇಲಿಂದ ಗಾಳಿಗೆ ಹಾರಿದ್ದಾಳೆ, ಮೂರು ಸುತ್ತು ತಿರುಗಿ ಇಳಿಯಬೇಕು. ಎರಡನೆಯ ಸುತ್ತಿಗೆ ಪರದೆ ಕಪ್ಪಾಯಿತು. ಹಿಂದಿನ ದಿನ ರೆಕಾರ್ಡ್ ಆಗುವಾಗಲೇ ಯಂತ್ರದಲ್ಲಿ ಜಾಗ ಮುಗಿದಿತ್ತು.

"ಪಾಪ, ಆ ಹುಡುಗಿ ಇನ್ನೂ ಮೇಲೇ ಇದಾಳೆ," ಎಂದಳು ನಾತ್ಸುಯೊ. "ನಿಮ್ಮ ರೈಲುಗಳು ದಾರಿ ಬಿಟ್ಟರೆ ಇಳೀತಾಳೆ."

ರೈಲುಗಳು ಇನ್ನೂರ ಹದಿನಾಲ್ಕು. ಹಿಮದಲ್ಲಿ ಹೋಗುವ ರೈಲು, ಸಮುದ್ರದ ಅಂಚಿನಲ್ಲಿ ಹೋಗುವ ರೈಲು, ಯಾರೂ ಹತ್ತದ ನಿಲ್ದಾಣದಲ್ಲಿ ನಿಂತು ಯಾರೂ ಇಳಿಯದೆ ಹೊರಡುವ ರೈಲು. ಎಲ್ಲವೂ ಅವಳ ಗಂಡ ತೊಮೊನೊರಿ ಟೀವಿಯಿಂದ ರೆಕಾರ್ಡ್ ಮಾಡಿ ಕೂಡಿಟ್ಟದ್ದು. ಹಿಮಿ ಪಟ್ಟಣದ ಹೊರಿಟಾ ಕುಟುಂಬಕ್ಕೆ ಅವನು ಮನೆ ಅಳಿಯನಾಗಿ ಬಂದು, ತನ್ನ ಮನೆತನದ ಹೆಸರು ಬಿಟ್ಟು ಹೆಂಡತಿಯದನ್ನು ಇಟ್ಟುಕೊಂಡು ಮೂವತ್ತೆಂಟು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಆ ಮನೆಯೊಳಗೆ ಅವನ ಏಕಚಕ್ರಾಧಿಪತ್ಯ ನಡೆಯುತ್ತಿದ್ದ ಸಂಸ್ಥಾನವೆಂದರೆ ಟೀವಿಯ ಕೆಳಗಿನ ಆ ರೆಕಾರ್ಡರ್ ಒಂದೇ. ಅದರ ಇನ್ನೂರ ಎಂಬತ್ತು ಪುಟದ ಕೈಪಿಡಿಯನ್ನು ಅವನು ಎರಡು ಸಲ ಓದಿದ್ದ. (ಎರಡನೆಯ ಸಲ ಓದಿದ್ದು ಅಚ್ಚಿನ ತಪ್ಪು ಹುಡುಕಲು. ನಿವೃತ್ತನಾಗುವ ತನಕ ಊರ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವನಿಗೆ ಹನ್ನೊಂದು ಸಿಕ್ಕಿದವು.)

"ಎಲ್ಲಾನೂ ಡಿಸ್ಕಿಗೆ ಇಳಿಸ್ತೀನಿ," ಎಂದು ಅವನು ಘೋಷಿಸಿದ. "ಯಂತ್ರ ಖಾಲಿ ಮಾಡಿಕೊಡ್ತೀನಿ. ಒಂದು ಚೂರೂ ಕಳೆಯೋದಿಲ್ಲ."

"ಹಾಗಾದ್ರೆ ಅಮ್ಮನದು ಮೊದಲು ಇಳಿಸಿ. ಮುಂದಿನ ತಿಂಗಳು ಏಳನೇ ವರ್ಷದ ಪುಣ್ಯತಿಥಿ. ಫುಕಿಕೊ, ರುರಿಕೊ ಇಬ್ಬರೂ ಕೇಳ್ತಾನೇ ಇದಾರೆ. ಸೋದರತ್ತೆಗೂ, ಚಿಕ್ಕಪ್ಪಂದಿರಿಗೂ ಒಂದೊಂದು. ಎಂಟು ಆಗುತ್ತೆ."

ಫುಕಿಕೊ, ರುರಿಕೊ ಅವಳ ತಂಗಿಯರು. ಅಮ್ಮನದು ಎಂದರೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಒಂದು ತುಣುಕು. ಆರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಊರ ಟೀವಿಯ ಮಧ್ಯಾಹ್ನದ ಕಾರ್ಯಕ್ರಮದವರು ನಾತ್ಸುಯೊಳ ತಾಯಿ ಇಸೊ ಅಜ್ಜಿ ಉಪ್ಪಿನಕಾಯಿ ಹಾಕುವುದನ್ನು ಚಿತ್ರಿಸಿಕೊಂಡು ಹೋಗಿದ್ದರು. ಟರ್ನಿಪ್ ಗೆಡ್ಡೆಯನ್ನು ದಪ್ಪ ಬಿಲ್ಲೆಯಾಗಿ ಸೀಳಿ, ನಡುವೆ ಉಪ್ಪು ಹಚ್ಚಿದ ಮೀನಿನ ಹೋಳಿಟ್ಟು, ಹುದುಗು ಬಂದ ಅನ್ನದೊಂದಿಗೆ ಮರದ ಪೀಪಾಯಿಯಲ್ಲಿ ಪದರ ಪದರವಾಗಿ ಜೋಡಿಸಿ, ಮೇಲೆ ಕಲ್ಲು ಹೇರುವುದು. ಹೊಸ ವರ್ಷದ ಊಟಕ್ಕೆ ಅದಿಲ್ಲದೆ ಆ ಊರಿನಲ್ಲಿ ನಡೆಯದು. ಪ್ರಸಾರವಾಗಿ ಎರಡು ತಿಂಗಳಿಗೆ ಅಜ್ಜಿ ತೀರಿಕೊಂಡರು. (ತೀರಿಕೊಂಡ ವರ್ಷವನ್ನೂ ಸೇರಿಸಿ ಎಣಿಸುವುದು ಅಲ್ಲಿನ ಪದ್ಧತಿ, ಹಾಗಾಗಿ ಈಗ ಏಳನೆಯದು.) ಆಮೇಲೆ ನಾತ್ಸುಯೊ ಅದನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ಅಳಿಸುವುದಕ್ಕೂ ಬಿಡಲಿಲ್ಲ.

ತೊಮೊನೊರಿಗೂ ನೋಡುವ ಆಸೆ ಇರಲಿಲ್ಲ. ಅದಕ್ಕೆ ಕಾರಣ ಬೇರೆ. ಹೈ ಡೆಫಿನಿಷನ್ ಚಿತ್ರ; ಅತ್ತೆಯ ಮುಖದ ಒಂದೊಂದು ಸುಕ್ಕನ್ನೂ ಎಣಿಸಬಹುದಿತ್ತು. ದುರದೃಷ್ಟಕ್ಕೆ ಧ್ವನಿಯೂ ಅಷ್ಟೇ ಸ್ಪಷ್ಟವಾಗಿತ್ತು. ಪ್ರಸಾರದ ದಿನ ಅವನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಬಂದು ಎಲ್ಲರೊಂದಿಗೆ ಕೂತಿದ್ದ. ತೆರೆಯ ಮೇಲೆ ವರದಿಗಾರ್ತಿ ಕೇಳಿದಳು: "ಮನೆಯ ಗಂಡಸರು ಕೈ ಹಾಕ್ತಾರಾ ಅಜ್ಜಿ?"

"ನಮ್ಮ ಅಳಿಯನಾ?" ಎಂದರು ಇಸೊ ಅಜ್ಜಿ. "ಒಂದಕ್ಕೂ ಬಾರದವನು."

ಕೋಣೆಯಲ್ಲಿ ನಗೆ ಎದ್ದಿತು. ತೊಮೊನೊರಿಯೂ ಎದ್ದ, ಅಂಗಳದ ಹಿಮ ತೆಗೆದು ಬರುತ್ತೇನೆಂದು ಹೊರಗೆ ಹೋದ. (ಅವತ್ತು ಹಿಮ ಬಿದ್ದಿರಲಿಲ್ಲ.) ಮಾರನೆಯ ದಿನದಿಂದ ಮೀನಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ಅವನಿಗೆ ಸಿಕ್ಕ ನಗುವಿನಲ್ಲಿ ಏನೋ ಒಂದು ಹೆಚ್ಚಿಗೆ ಇತ್ತು.

ಈಗ ಆ ಮಾತನ್ನು ಎಂಟು ಪ್ರತಿ ಮಾಡಿ, ಹೊದಿಕೆಗೆ ಚಿತ್ರ ಅಂಟಿಸಿ, ನೆಂಟರಿಗೆಲ್ಲ ತಾನೇ ಹಂಚಬೇಕು.

ಒಂದು ಮಧ್ಯಾಹ್ನ ನಾತ್ಸುಯೊ ಪಕ್ಕದ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದಾಗ ಅವನು ಟೀವಿಯ ಮುಂದೆ ಕಾಲು ಮಡಚಿ ಕೂತ. ಧ್ವನಿ ಸೊನ್ನೆಗೆ ಇಳಿಸಿದ. ವರದಿಗಾರ್ತಿ ಮೈಕು ಚಾಚುವಲ್ಲಿಗೆ ಒಂದು ಗುರುತು, ಕ್ಯಾಮೆರಾ ಪೀಪಾಯಿಯತ್ತ ತಿರುಗಿ ಅಜ್ಜಿ ಮುಚ್ಚಳ ತೋರಿಸುವಲ್ಲಿಗೆ ಇನ್ನೊಂದು. ನಡುವೆ ಇಪ್ಪತ್ತೆರಡು ಸೆಕೆಂಡು ಅತ್ತೆಯ ಬಾಯಿ ಸದ್ದಿಲ್ಲದೆ ಆಡುತ್ತಿತ್ತು. 'ಅಳಿಸಿದ ಭಾಗ ಮತ್ತೆ ಸಿಗುವುದಿಲ್ಲ. ಅಳಿಸಲೇ?' ಎಂದು ಯಂತ್ರ ಕೇಳಿತು. ಮೂವತ್ತಾರು ವರ್ಷ ಅವನು ಪರರ ವಾಕ್ಯಗಳಲ್ಲಿ ಹೆಚ್ಚಾದದ್ದನ್ನು ಕತ್ತರಿಸಿದ್ದ, ಯಾರೂ ಕೃತಜ್ಞತೆ ಹೇಳಿರಲಿಲ್ಲ. ತನಗಾಗಿ ಒಂದೇ ಒಂದು ಸಾಲು ಕತ್ತರಿಸುವ ಹಕ್ಕು ತನಗಿದೆ ಎನ್ನಿಸಿತು. ಒತ್ತಿದ.

ಇಳಿಸುವ ಕೆಲಸ ಸುಲಭವಾಗಿ ಮುಗಿಯಲಿಲ್ಲ. ಪ್ರಸಾರವಾದದ್ದನ್ನು ಒಟ್ಟು ಹತ್ತು ಸಲ ಮಾತ್ರ ಇಳಿಸಬಹುದು, ಹತ್ತನೆಯ ಸಲಕ್ಕೆ ಯಂತ್ರದಲ್ಲಿನ ಮೂಲವೇ ಎದ್ದು ಡಿಸ್ಕಿಗೆ ಹೋಗಿಬಿಡುತ್ತದೆ ಎಂಬುದು ನಿಯಮ. ಮೊದಲನೆಯದನ್ನು ಅವನು ತುಂಬಾ ಒತ್ತಿ ಕುಗ್ಗಿಸಿದ್ದರಿಂದ ಅಜ್ಜಿ ಮೀನಿನ ತೊಟ್ಟಿಯೊಳಗೆ ಕೂತು ಮಾತಾಡುತ್ತಿರುವಂತೆ ಕಂಡರು. ಎರಡನೆಯದಕ್ಕೆ, ಬೇರೆ ಯಂತ್ರಗಳಲ್ಲೂ ಓಡಲು ಬೇಕಾದ ಕೊನೆಯ ಮುದ್ರೆ ಒತ್ತುವುದು ಮರೆತು, ರುರಿಕೊಳ ಮನೆಯ ಯಂತ್ರ ಅದನ್ನು ಉಗುಳಿತು. ಉಳಿದ ಎಂಟು ಚಿನ್ನದಂತೆ ಬಂದವು. ಸಂಜೆ ನಾತ್ಸುಯೊ ರಿಮೋಟ್ ಹಿಡಿದು ಪಟ್ಟಿಯನ್ನು ಮೇಲೆ ಕೆಳಗೆ ಹುಡುಕಿದಳು.

"ಅಮ್ಮ ಎಲ್ಲಿ?"

"ಡಿಸ್ಕಿಗೆ ಹೋದರು. ನಿಯಮ."

"ಹೇಳದೇ?" ಎಂದಳು ಅವಳು. ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಬುದ್ಧಪೀಠದ ಮೇಲೆ ತಾಯಿಯ ಚಿತ್ರದ ಪಕ್ಕಕ್ಕೆ ಇಟ್ಟಳು.

ಪುಣ್ಯತಿಥಿಯ ದಿನ ಹದಿನಾಲ್ಕು ಜನ ಸೇರಿದರು. ಪುರೋಹಿತರು ಸೂತ್ರ ಪಠಿಸಿ, ಚಹಾ ಕುಡಿದು ಹೋದರು. ಊಟದ ಪೆಟ್ಟಿಗೆಗಳನ್ನು ಬಿಚ್ಚಿ, ಅಕ್ಕಿಮದ್ಯ ಎರಡು ಸುತ್ತು ಬಂದ ಮೇಲೆ ಫುಕಿಕೊಳ ಗಂಡ ಯೊಹೆಯಿ, "ಅಣ್ಣಾ, ಹಾಕಿ ಈಗ," ಎಂದ. ಅವನು ಬಂದರಿನ ಬಳಿ ಕ್ಷೌರದಂಗಡಿ ಇಟ್ಟಿದ್ದವನು; ತೊಮೊನೊರಿಯ ಈ ಷಡ್ಡಕನಿಗೆ ಯಂತ್ರವೆಂದರೆ ಒತ್ತಿದರೆ ಹತ್ತಬೇಕು, ಅಷ್ಟೇ.

ತೊಮೊನೊರಿ ಡಿಸ್ಕನ್ನು ಒಳಗಿಟ್ಟ. ಅಜ್ಜಿ ಬಂದರು, ತೋಳು ಮಡಚಿದರು, ಗೆಡ್ಡೆ ಸೀಳಿದರು. ನಾತ್ಸುಯೊ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ವರದಿಗಾರ್ತಿ ಬಾಯಿ ತೆರೆಯುತ್ತಿದ್ದಂತೆ ಹದಿಮೂರು ಜನ ಒಟ್ಟಿಗೆ ಮುಂದಕ್ಕೆ ಬಾಗಿದ್ದು ತೊಮೊನೊರಿಗೆ ಕಾಣಿಸಿತು. ಚಿತ್ರ ಒಮ್ಮೆ ಎವೆಯಿಕ್ಕಿತು. ಅಜ್ಜಿ ಆಗಲೇ ಮುಚ್ಚಳದ ಹತ್ತಿರ ಇದ್ದರು.

"ಅಲ್ಲೊಂದು ಮಾತಿತ್ತಲ್ಲ?" ಎಂದಳು ರುರಿಕೊ.

"ಹಾರಿಹೋಯ್ತು ಕಣೇ. ಡಿಸ್ಕ್ ಕೆಟ್ಟಿರಬೇಕು," ಎಂದಳು ಫುಕಿಕೊ.

"ಕೆಟ್ಟಿಲ್ಲ," ಎಂದ ತೊಮೊನೊರಿ. ಕುಶಲತೆಯ ಮೇಲೆ ಬಂದ ಆರೋಪವನ್ನು ಅವನು ಸಹಿಸಲಾರ. "ನಾನು ತೆಗೆದೆ. ಅನಗತ್ಯ ಭಾಗ."

ಯೊಹೆಯಿ ಅಜ್ಜಿಯ ದನಿಯನ್ನೇ ತಂದು, "ಒಂದಕ್ಕೂ ಬಾರದವನು," ಎಂದ. ಎಲ್ಲರಿಗೂ ನಗು ಬಂತು. ಬಂದಷ್ಟೇ ಬೇಗ ಹೋಯಿತು.

"ಅದನ್ನ ತೆಗೀರಿ, ಬೇಡ ಅನ್ನೋದಿಲ್ಲ ಭಾವ," ಎಂದಳು ಫುಕಿಕೊ. "ಅದರ ಮುಂದಿಂದು ಯಾಕೆ ತೆಗೆದ್ರಿ?"

"ಮುಂದೆ ಏನಿತ್ತು?"

ನಾತ್ಸುಯೊ ಕರವಸ್ತ್ರ ಕೆಳಗಿಳಿಸಿದಳು. "ನಿಮಗೆ ಗೊತ್ತಿಲ್ವಾ?"

"ನಾನು ಅವತ್ತು ಹಿಮ ತೆಗೆಯೋಕೆ ಹೋಗಿದ್ದೆ."

ಆಗ ಒಬ್ಬೊಬ್ಬರೂ ಹೇಳತೊಡಗಿದರು. ಫುಕಿಕೊಳ ಪ್ರಕಾರ ಅಮ್ಮ ಹೇಳಿದ್ದು, ಆದರೂ ಮಗನಿಗಿಂತ ಹೆಚ್ಚು ಎಂದು. ಛೆ, ಚಿನ್ನದಂಥ ಮನುಷ್ಯ ಎಂದರು ಎಂದಳು ರುರಿಕೊ. ಎಂಬತ್ತೊಂದರ ಸೋದರತ್ತೆ, ಅಳಿಯ ಅಂದರೆ ದೇವರು ಎಂದದ್ದು ತನ್ನ ಕಿವಿಯಲ್ಲಿ ಇನ್ನೂ ಇದೆ ಎಂದು ಕಣ್ಣೊರೆಸಿಕೊಂಡರು. (ಇಸೊ ಅಜ್ಜಿ ದೇವರನ್ನೂ ಅಷ್ಟು ಹೊಗಳಿದವರಲ್ಲ.) ಮೂವರೂ ಜಗಳಕ್ಕೆ ನಿಂತರು. ಬಿಡಿಸಲು ಇದ್ದ ಒಂದೇ ಸಾಕ್ಷಿಯನ್ನು ತೊಮೊನೊರಿ ಕತ್ತರಿಸಿ ಹಾಕಿದ್ದ.

ನೆಂಟರು ಹೋದ ಮೇಲೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ನಾತ್ಸುಯೊ ಬಟ್ಟಲು ತೊಳೆಯುತ್ತಿದ್ದಳು.

"ನೀನಾದರೂ ಹೇಳು. ಏನಂದರು?"

"ಸಾರಾಂಶ ಗೊತ್ತು. ಮಾತು ಗೊತ್ತಿಲ್ಲ. ಅಮ್ಮ ಆಡಿದ್ದನ್ನ ನನ್ನ ಮಾತಲ್ಲಿ ಹೇಳಿ ಅದನ್ನೂ ಹಾಳು ಮಾಡಲ್ಲ." ತೊಳೆದ ಬಟ್ಟಲನ್ನು ಮಗುಚಿಟ್ಟಳು. "ಆರು ವರ್ಷದಿಂದ ಅಂದ್ಕೊಂಡಿದ್ದೆ, ಅಂಥಾ ಒಳ್ಳೆ ಮಾತು ಕೇಳಿಯೂ ಈ ಮನುಷ್ಯ ಒಂದು ದಿನ ಅಮ್ಮನ ನೆನಪು ತೆಗೆಯಲಿಲ್ಲವಲ್ಲ, ಎಂಥಾ ಗಟ್ಟಿ ಎದೆ ಅಂತ. ನೀವು ಕೇಳಿಯೇ ಇಲ್ಲ."

ಆಮೇಲಿನ ಒಂದು ವಾರ ತೊಮೊನೊರಿ ರೈಲುಗಳನ್ನು ಡಿಸ್ಕಿಗೆ ಇಳಿಸಲಿಲ್ಲ. ಒಂದೇ ಸೂರಿನ ಕೆಳಗೆ ಮೂವತ್ತೆರಡು ವರ್ಷ ಕಳೆದ ಆ ಮುದುಕಿ ತನ್ನೊಂದಿಗೆ ಆಡಿದ ಮಾತುಗಳಲ್ಲಿ ನೆನಪಿಗೆ ಬರುವುದೆಲ್ಲ ಅಪ್ಪಣೆಗಳೇ. ಬಾಗಿಲು ಹಾಕು. ಅಕ್ಕಿ ತಾ. ಹಾಗಲ್ಲ, ಹೀಗೆ. ಪ್ರತಿ ಸಲವೂ ತಾನು ಮೊದಲರ್ಧ ಕೇಳಿ ಎದ್ದುಹೋಗಿದ್ದೆನೋ ಎಂದು ಯೋಚಿಸಿದ. ಉತ್ತರ ಹೇಳುವವರು ಚೌಕಟ್ಟಿನೊಳಗೆ ಸುಮ್ಮನಿದ್ದರು.

ಎಂಟನೆಯ ದಿನ ಯೊಹೆಯಿ ಫೋನ್ ಮಾಡಿದ.

"ಅಣ್ಣಾ, ನಮ್ಮ ಅಂಗಡೀಲಿ ಮೊದಲು ಒಂದು ರೆಕಾರ್ಡರ್ ಇತ್ತು. ಗಿರಾಕಿಗಳಿಗೆ ಅಂತ ಮಧ್ಯಾಹ್ನದ ಆ ಕಾರ್ಯಕ್ರಮ ದಿನಾ ತಾನಾಗೇ ಹಿಡಕೊಳ್ಳೋ ಹಾಗೆ ಇಟ್ಟಿದ್ದೆ. ರಿಮೋಟ್ ಕಳೆದುಹೋಯ್ತು ಅಂತ ಉಗ್ರಾಣಕ್ಕೆ ಹಾಕಿದ್ದು."

"ಅದರಲ್ಲಿದ್ದದ್ದನ್ನ ಅಳಿಸಿದ್ದೆಯಾ?"

"ಅಳಿಸೋದು ಹೇಗೆ ಅಂತ ನನಗೆಲ್ಲಿ ಗೊತ್ತು?"

ಸೋಮವಾರ ಕ್ಷೌರದಂಗಡಿಗೆ ರಜೆ. ನಾತ್ಸುಯೊ, ತಂಗಿಯರಿಬ್ಬರೂ ಗಿರಾಕಿಗಳ ಕುರ್ಚಿಯಲ್ಲಿ ಸಾಲಾಗಿ ಕೂತರು. ತೊಮೊನೊರಿ ತಂದ ರಿಮೋಟು ಅದೇ ಕಂಪನಿಯದು, ಹೊಂದಿತು. ಪಟ್ಟಿಯಲ್ಲಿ ನಾನೂರು ಮಧ್ಯಾಹ್ನಗಳಿದ್ದವು, ಒಂದರ ಮೇಲೊಂದು, ಯಾರೂ ತಿದ್ದದೆ ಉಳಿದವು. ಮುನ್ನೂರ ಮೂರನೆಯದರಲ್ಲಿ ಇಸೊ ಅಜ್ಜಿ ತೋಳು ಮಡಚುತ್ತಿದ್ದರು. ಈ ಸಲ ಅವನು ಧ್ವನಿ ಏರಿಸಿದ.

"ನಮ್ಮ ಅಳಿಯನಾ? ಒಂದಕ್ಕೂ ಬಾರದವನು," ಎಂದರು ಅಜ್ಜಿ. ವರದಿಗಾರ್ತಿ ನಕ್ಕಳು. ಅಜ್ಜಿ ನಗಲಿಲ್ಲ. "ಆದ್ರೆ ಈ ಕಲ್ಲು ಮಾತ್ರ ಅವನೇ ಇಡಬೇಕು. ಮಿಕ್ಕವರು ದೊಪ್ಪಂತ ಹಾಕ್ತಾರೆ, ಗೆಡ್ಡೆ ನಲುಗುತ್ತೆ. ಅವನು ಮಲಗಿರೋ ಮಗೂಗೆ ಹೊದಿಸೋ ಹಾಗೆ ಇಡ್ತಾನೆ. ಇಷ್ಟು ವರ್ಷದಲ್ಲಿ ಒಂದು ಪೀಪಾಯಿ ಕೆಟ್ಟಿಲ್ಲ. ಅವನಿಗೆ ಹೇಳಿಲ್ಲ. ಹೇಳಿದ್ರೆ ಕೈ ಅವಸರವಾಗುತ್ತೆ."

"ಟೀವಿಯಲ್ಲೇ ಹೇಳಿಬಿಟ್ರಲ್ಲ ಅಜ್ಜಿ?"

"ಇದು ಬರೋ ಹೊತ್ತಿಗೆ ಅವನು ಆಫೀಸಲ್ಲಿರ್ತಾನೆ. ಕೇಳಿಸ್ಕೊಳ್ಳಲ್ಲ."

ಕ್ಯಾಮೆರಾ ಪೀಪಾಯಿಯತ್ತ ತಿರುಗಿತು. ತೊಮೊನೊರಿ ಹಿಂದಕ್ಕೆ ಸರಿಸಿ ಮತ್ತೊಮ್ಮೆ ಹಾಕಿದ, ಇನ್ನೊಮ್ಮೆ ಹಾಕಿದ. ಮಗನಿಗಿಂತ ಹೆಚ್ಚು ಎಂದಿರಲಿಲ್ಲ, ಚಿನ್ನ ಎಂದಿರಲಿಲ್ಲ, ದೇವರಂತೂ ಹತ್ತಿರ ಸುಳಿದಿರಲಿಲ್ಲ. ವರ್ಷಕ್ಕೊಂದು ದಿನ ಆತ ಹದಿನೆಂಟು ಕಿಲೋ ಕಲ್ಲು ಹಿಡಿದು ಬಾಗುವಾಗ ಪಕ್ಕದಲ್ಲಿ ನಿಂತು ನಿಧಾನ, ನಿಧಾನ ಎಂದು ಗದರುತ್ತಿದ್ದವರು ಅವನ ಕೈಯನ್ನು ನೋಡುತ್ತಿದ್ದರು, ಅಷ್ಟೇ. ನೆಂಟರು ಹೇಳಿದ್ದ ಆ ಹೊಗಳಿಕೆಗಳಲ್ಲಿ ಯಾವುದನ್ನೂ ಅವನು ನಂಬುತ್ತಿರಲಿಲ್ಲ. ಇದನ್ನು ನಂಬದೆ ದಾರಿಯಿರಲಿಲ್ಲ. ಕನ್ನಡಕ ತೆಗೆದು ಕ್ಷೌರದ ಬಟ್ಟೆಯಲ್ಲೇ ಒರೆಸಿದ. ಯಾರೂ ಅವನತ್ತ ನೋಡಲಿಲ್ಲ; ಎದುರಿನ ಕನ್ನಡಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಫುಕಿಕೊ ತನ್ನ ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಭಾವ, ಅಮ್ಮ ಹೋದಮೇಲೆ ನಮ್ಮ ಮನೆ ಉಪ್ಪಿನಕಾಯಿ ಎರಡು ವರ್ಷ ಕೆಟ್ಟು, ಬಿಟ್ಟೇಬಿಟ್ಟೆ. ಈಗ ಗೊತ್ತಾಯ್ತು ಯಾಕೆ ಅಂತ. ಈ ಡಿಸೆಂಬರಿಗೆ ಎರಡು ಪೀಪಾಯಿ ಹಾಕ್ತೀನಿ. ಕಲ್ಲು ನೀವಿಡಬೇಕು."

"ನನ್ನದೂ ಒಂದು," ಎಂದಳು ರುರಿಕೊ.

"ಸೋದರತ್ತೆಗೂ ಹೇಳೋಣ," ಎಂದಳು ಅವನ ಹೆಂಡತಿ. "ನಮ್ಮದು ಹೇಗೂ ಇದ್ದೇ ಇದೆ."

ಡಿಸೆಂಬರಿನ ಎರಡನೆಯ ಶನಿವಾರ ತೊಮೊನೊರಿ ಸೊಂಟಕ್ಕೆ ಪಟ್ಟಿ ಬಿಗಿದು ಹೊರಟ. ಅರವತ್ತೇಳನೆಯ ವಯಸ್ಸಿನಲ್ಲಿ ನಾಲ್ಕು ಮನೆ, ಐದು ಪೀಪಾಯಿ. ಬೆಳಗ್ಗೆ ತಮ್ಮ ಮನೆಯದು, ಆಮೇಲೆ ರುರಿಕೊಳದು ಸರಾಗ ಮುಗಿದವು. ಫುಕಿಕೊಳ ಮನೆಯ ಹಿಂದಿನ ಚಾವಡಿಯಲ್ಲಿ ಮೂರನೆಯ ಕಲ್ಲನ್ನು ಪೀಪಾಯಿಯ ಬಾಯಿಗೆ ತಂದಾಗ ಸೊಂಟದಲ್ಲಿ ಚಳಕ್ ಎಂದಿತು. ಮೇಲೇಳಲಾಗದು, ಕೆಳಗೆ ಬಾಗಲಾಗದು. ಕಲ್ಲು ಕೈಯಲ್ಲೇ ಇತ್ತು.

"ಅಣ್ಣಾ, ಬಿಟ್ಟುಬಿಡಿ ಅದನ್ನ," ಎಂದ ಯೊಹೆಯಿ. "ದೊಪ್ಪಂತ ಬಿದ್ದರೆ ಬೀಳಲಿ."

"ಆಗೋದಿಲ್ಲ," ಎಂದ ತೊಮೊನೊರಿ, ಹಲ್ಲು ಕಚ್ಚಿ.

ಅಕ್ಕತಂಗಿಯರು ಮೂವರೂ ಉಸಿರು ಹಿಡಿದು ನಿಂತರು. ಮೊಣಕಾಲು ಒಂದೊಂದೇ ಅಂಗುಲ ಮಡಚುತ್ತಾ, ನಡುವೆ ನಾಲ್ಕು ಸಲ ನಿಂತು, ಅವನು ಕಲ್ಲನ್ನು ಇಳಿಸಿದ. ಮುಚ್ಚಳಕ್ಕೆ ತಾಕಿದ್ದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ವಾಲಿ ಚಾವಡಿಯ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿದ.

ಫುಕಿಕೊ ಬಗ್ಗಿ ಮೊದಲು ಪೀಪಾಯಿಯನ್ನು ನೋಡಿದಳು. "ಚೆನ್ನಾಗಿ ಕೂತಿದೆ," ಎಂದಳು.

ನಾತ್ಸುಯೊ ಗಂಡನ ಪಕ್ಕದಲ್ಲಿ ಕೂತು, ಅವನ ಅಂಗಿ ಮೇಲೆತ್ತಿ, ಸೊಂಟಕ್ಕೆ ನೋವಿನ ಪಟ್ಟಿ ಅಂಟಿಸಿ ಅಂಗೈಯಿಂದ ಒತ್ತಿದಳು. ಕೈ ತೆಗೆಯಲು ಅವಸರ ಮಾಡಲಿಲ್ಲ.

"ಸ್ವಲ್ಪ ಹೊತ್ತು ಹೀಗೇ ಇರಿ," ಎಂದಳು. "ಇನ್ನೂ ಎರಡಿವೆ."