ಗೌರಿ ಬಳೆ ಮತ್ತು ಹೆಸರಿಲ್ಲದ ಕಾಗದ

ನಮ್ಮ ದೊಡ್ಡಮ್ಮ ಫೋನ್ ಮುಟ್ಟುವ ಮುಂಚೆ ಉಂಗುರದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಟೈಪ್ ಮಾಡುವುದೂ ಆ ಒಂದೇ ಬೆರಳಲ್ಲಿ. ಯಾಕೆ ಅಂತ ಒಮ್ಮೆ ಕೇಳಿದ್ದೆ.

"ಕುಂಕುಮ ಇಡೋ ಬೆರಳು ಕಣೇ ಇದು. ನಾಲ್ಕು ಜನಕ್ಕೆ ಹೋಗೋ ಮಾತು ಇದ್ರಾಗೇ ಹೋಗ್ಬೇಕು."

"ಮತ್ತೆ ತೋರುಬೆರಳು?"

"ಅದು ಬೈಯಾಕೆ ಐತಲ್ಲ."

ಹೊಳಲ್ಕೆರೆಯಲ್ಲಿ ಪ್ರೈಮರಿ ಶಾಲೆ ಟೀಚರ್ ಆಗಿ ನಿವೃತ್ತರಾದವರು. ಒಂದು ಶುಭೋದಯ ಕಳಿಸಲು ಹತ್ತು ನಿಮಿಷ ಬೇಕು. ಆಮೇಲೆ ಅದು ತಲುಪಿತೋ ಇಲ್ಲವೋ ಅಂತ ಫೋನ್ ಮಾಡಿ ಕೇಳುತ್ತಾರೆ. ಇಂಥವರಿರುವ ಮನೆಯಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ದಿನಕ್ಕೊಂದು ಸಲ ಫೋನಿನೊಳಗೆ ಬಂದು ಕೂರುತ್ತದೆ. ಈ ವರ್ಷ ಮಾತ್ರ ನಾನು ಪ್ರತಿ ಸಲವೂ ಮೊದಲು ಹೆದರಿ, ಆಮೇಲೆ ನಕ್ಕಿದ್ದು.

೧. ಮಂಡಿನೋವಿನ ಉತ್ತರ

ಹಿರಿಯೂರಿನಲ್ಲಿ ನನಗೊಬ್ಬಳು ತಂಗಿ ಇದ್ದಾಳೆ. ಚಿಕ್ಕಪ್ಪನ ಮಗಳು, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಇಪ್ಪತ್ತನಾಲ್ಕು ವರ್ಷ ಮನೆಯವರೆಲ್ಲ ಅವಳನ್ನು ಗಂಡುಹುಡುಗ ಅಂತಲೇ ತಿಳಿದಿದ್ದರು. ತಾನು ಹೆಣ್ಣು ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ನನಗೆ ಕಾಲೇಜಿನ ದಿನಗಳಿಂದ ಗೊತ್ತಿತ್ತು. ಈ ಸಲ ಯುಗಾದಿ ಕಳೆದ ಮೇಲೆ ಮನೆಯ ಗ್ರೂಪಿಗೆ ಉದ್ದದ ಮೆಸೇಜ್ ಹಾಕಿ ಹೇಳಿಯೇಬಿಟ್ಟಳು. ಕೊನೆಗೆ ಒಂದು ಲಿಂಕು: "ಏನಾದರೂ ಕೇಳಬೇಕು ಅನ್ನಿಸಿದರೆ ನನ್ನಂಥವರಿಗೆ, ಅವರ ಮನೆಯವರಿಗೆ ಅಂತಲೇ ಇರುವ ಈ ಆನ್‌ಲೈನ್ ಗುಂಪಿನಲ್ಲಿ ಕೇಳಿ. ಹೆಸರು ಹೇಳಬೇಕಾಗಿಲ್ಲ."

ಹದಿನೆಂಟು ಜನ ಓದಿದರು. ಚಿತ್ರದುರ್ಗದ ಒಂದು ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುತ್ತಾ ಕೂತಿದ್ದ ನನ್ನ ಕಣ್ಣು ಫೋನಿನ ಮೇಲೇ ಇದ್ದು, ಯಾರದೋ ಹನ್ನೆರಡರ ಹಿಮೋಗ್ಲೋಬಿನ್ ನೂರಿಪ್ಪತ್ತು ಆಗಿಹೋಯಿತು.

ಅರ್ಧ ಗಂಟೆ ಬಿಟ್ಟು ದೊಡ್ಡಪ್ಪ ಒಂದು ವಿಡಿಯೋ ಕಳಿಸಿದರು. ಮಂಡಿನೋವಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು ಹೇಗೆ ಅಂತ. ತಂಗಿ ನನಗೆ ಬೇರೆಯಾಗಿ ಬರೆದಳು: "ಅಕ್ಕ, ಇದು ನನಗೆ ಉತ್ತರನಾ?"

"ಇಲ್ಲ ಕಣೆ, ಮಂಡಿಗೆ."

ಆಮೇಲೆ ದೊಡ್ಡಮ್ಮನ ಎರಡು ಸಾಲು ಬಂತು: "ಓದಿದೆ. ಊಟ ಮಾಡಿದ್ಯಾ?"

ಇದು ಒಪ್ಪಿಗೆಯೋ, ಕೋಪವೋ, ಬರೀ ಊಟವೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅಂಥದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೌರಿ ಹಬ್ಬಕ್ಕೆ ದೊಡ್ಡಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗಾಜಿನ ಬಳೆ, ರವಿಕೆ ಕಣ ಕಳಿಸುತ್ತಾರೆ. ಅದಕ್ಕೆಂದೇ 'ಮನೆ ಹೆಣ್ಮಕ್ಕಳು' ಅಂತ ಬೇರೆ ಗ್ರೂಪಿದೆ. ದೊಡ್ಡಮ್ಮ ಅದಕ್ಕೆ ಸೇರಿಸಿದರೆ ನೀನು ಈ ಮನೆಯ ಮಗಳು, ಅಷ್ಟೇ. ತಂಗಿ ಅದಕ್ಕೇ ಕಾಯುತ್ತಾ ಕೂತಳು. ಊಟ ಮಾಡಿದ್ದೀನಿ ಅಂತ ಮಾತ್ರ ತಕ್ಷಣ ಉತ್ತರ ಕೊಟ್ಟಿದ್ದಳು. ಮಾಡಿರಲಿಲ್ಲ.

೨. ಎರಡೂ ಕಡೆನಾ, ಒಂದೇ ಕಡೆನಾ?

ಆ ಆನ್‌ಲೈನ್ ಗುಂಪನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಮನೆಯಲ್ಲಿ ತಂಗಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಂಗಡಿಯವನ ಹತ್ತಿರ ಶಾಂಪೂ ಅಂತ ಇನ್ನೊಮ್ಮೆ ಹೇಳಲು ನಾಚಿಕೊಂಡು, ಅವನು ಕೊಟ್ಟ ಬಟ್ಟೆ ಸೋಪನ್ನೇ ತಂದವಳು ನಾನು. ಬಾಯಿ ತೆರೆಯದೆ ಮಾತಾಡಬಹುದು ಅಂತಲೇ ಗುಂಪಿಗೆ ಸೇರಿದ್ದು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳಾದ್ದರಿಂದ ಈ ವಿಷಯದ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳೆಲ್ಲ ನನಗೆ ಗೊತ್ತಿದ್ದವು. ಜನ ಕೇಳುವ ಪ್ರಶ್ನೆಗೆ ಅವು ಒಂದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಒಬ್ಬ ಹುಡುಗ ಕೇಳಿದ: "ನನ್ನ ಗೆಳೆಯ ಈಗ ಗೆಳತಿ. ನನಗೆ ಸಂತೋಷವೇ. ಆದರೆ ಕಾಲೇಜಿಗೆ ಅವಳ ಬೈಕಿನಲ್ಲೇ ಹೋಗೋದು. ನಾನು ಹಿಂದೆ ಕೂರುವಾಗ ಇನ್ನು ಮೇಲೆ ಎರಡೂ ಕಡೆ ಕಾಲು ಹಾಕಬಹುದಾ, ಒಂದೇ ಕಡೆ ಹಾಕಬೇಕಾ? ಅವಳನ್ನ ಕೇಳಿದರೆ ಬೇಜಾರಾಗ್ತಾಳೇನೋ."

ನಾನು ಗೌರವ, ಅಂತರ, ಒಪ್ಪಿಗೆ ಅಂತ ನಾಲ್ಕು ಪ್ಯಾರಾ ಬರೆದು, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಅವನ ಗೆಳತಿಯೇ ಕೆಳಗೆ ಉತ್ತರ ಹಾಕಿದ್ದಳು: "ಲೇ, ನೀನೇ ಅಂತ ಗೊತ್ತಾತು. ಕಾಲು ಎಲ್ಲಾದ್ರೂ ಹಾಕು, ಮೊದ್ಲು ಟೈಮಿಗೆ ಸರಿಯಾಗಿ ಬಂದು ನಿಂತ್ಕ."

೩. ಕಾರ್ಡಿನಲ್ಲಿ ಕುಳಿತವರು

ಒಂದು ದಿನ ಹಿರಿಯೂರಿನಿಂದ ತಂಗಿ ನನ್ನನ್ನು ನೋಡಲು ಬಸ್ಸಿನಲ್ಲಿ ಬರುತ್ತಿದ್ದಳು. ಹೆಂಗಸರಿಗೆ ಟಿಕೆಟ್ ಫ್ರೀ, ಆಧಾರ್ ಕಾರ್ಡ್ ತೋರಿಸಬೇಕು. ಅವಳದು ಹಳೇ ಕಾರ್ಡು, ಅದರಲ್ಲಿ ಪಿಯುಸಿಯ ಕಾಲದ ಎಳೆ ಮೀಸೆ. ಕಂಡಕ್ಟರು ಕಾರ್ಡು ನೋಡಿದ, ಚೂಡಿದಾರ ನೋಡಿದ, ಮತ್ತೆ ಕಾರ್ಡು ನೋಡಿದ.

"ಇದ್ಯಾರಮ್ಮ, ಮೀಸೆ ಐತೆ?"

ಬಸ್ಸಿನ ತುಂಬಾ ಕತ್ತುಗಳು ತಿರುಗಿದವು. ಇಳಿದುಬಿಡೋಣ ಅಂತ ತಂಗಿ ಏಳುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿ ತನ್ನ ಎಲೆಅಡಿಕೆ ಚೀಲದಿಂದ ತನ್ನ ಕಾರ್ಡನ್ನು ತೆಗೆದು ಕಂಡಕ್ಟರ ಮೂಗಿಗೆ ಹಿಡಿದಳು.

"ಏನಪ್ಪ, ಆಧಾರ್ ಫೋಟೋ ನೋಡಿ ಯಾರಾದ್ರೂ ಗುರ್ತು ಹಿಡಿತಾರಾ? ನಂದು ನೋಡು. ನಮ್ ಯಜಮಾನ್ರು ತೀರ್ಕೊಂಡು ಆರು ವರ್ಷ ಆತು, ಇದ್ರಾಗೆ ಅವ್ರೇ ಬಂದು ಕುಂತಂಗೈತೆ."

ಕಂಡಕ್ಟರು ಎರಡೂ ಕಾರ್ಡು ಹೋಲಿಸಿ ನೋಡಿ, "ಅಜ್ಜಿ, ನಿಮ್ದೇ ಜಾಸ್ತಿ ಡೌಟು" ಅಂತ ಇಬ್ಬರಿಗೂ ಟಿಕೆಟ್ ಹರಿದುಕೊಟ್ಟ.

ತಂಗಿ ಇದನ್ನು ಗುಂಪಿನಲ್ಲಿ ಬರೆದಳು. ಜನ ನಕ್ಕು ನಕ್ಕು ತಮ್ಮ ತಮ್ಮ ಕಾರ್ಡಿನ ಫೋಟೋ ಹಾಕತೊಡಗಿದರು. ನಾನು ಗಾಬರಿಯಾಗಿ, ದಯವಿಟ್ಟು ಗುಟ್ಟಿನ ವಿವರ ಮುಚ್ಚಿ ಹಾಕಿ ಅಂತ ಬರೆದೆ. ಹೊಸದುರ್ಗದ ಕಡೆಯ ಒಬ್ಬ ಹಿರಿಯರು ಬಹಳ ಶಿಸ್ತಿನವರು, ತಕ್ಷಣ ತೆಗೆದು ಬೇರೆ ಫೋಟೋ ಹಾಕಿದರು. ಮುಖದ ಮೇಲೆ ಹೆಬ್ಬೆಟ್ಟು ಇತ್ತು. ನಂಬರು ಪೂರ್ತಿ ಕಾಣುತ್ತಿತ್ತು.

೪. ನೀಲಿ ಗೇಟಿನ ಮನೆಯಿಂದ

ಶ್ರಾವಣ ಬಂತು. ತಂಗಿಗೆ ಹೆಣ್ಮಕ್ಕಳ ಗ್ರೂಪಿನಿಂದ ಕರೆ ಬರಲಿಲ್ಲ. ಬೇಜಾರಿಗೆ ಅವಳು ನಮ್ಮ ಆನ್‌ಲೈನ್ ಗುಂಪನ್ನು ತೆರೆದು ನೋಡುವುದನ್ನೂ ಬಿಟ್ಟಿದ್ದಳು. ಒಂದು ಸೋಮವಾರ ಮಧ್ಯಾಹ್ನ ನಮ್ಮ ಗುಂಪಿನ ಪ್ರಶ್ನೆ ಡಬ್ಬಿಗೆ, ಹೆಸರಿಲ್ಲದೆ, ಈ ಕೆಳಗಿನದು ಬಂದು ಬಿತ್ತು:

"ಹೊಳಲ್ಕೆರೆ, ಸೋಮವಾರ. ಗುಂಪಿನ ಹಿರಿಯರಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಹೆಸರು ತಿಳಿಸಬಾರದೆಂಬ ನಿಯಮ ಇರುವುದರಿಂದ ತಿಳಿಸಿಲ್ಲ. ನಮ್ಮ ಮನೆಯ ಮಗುವೊಂದು ತಾನು ಹೆಣ್ಣೆಂದು ಹೇಳಿದೆ. ಮಗು ಸುಳ್ಳು ಹೇಳುವ ಪೈಕಿ ಅಲ್ಲ, ಆದ್ದರಿಂದ ಅದರಲ್ಲಿ ತಕರಾರಿಲ್ಲ. ತೊಡಕು ಬೇರೆ. ಪ್ರತಿ ವರ್ಷ ಗೌರಿ ಬಳೆಯನ್ನು ಅಕ್ಕಂದಿರ ಮನೆಗಳಿಗೆ ಬೈಕಿನಲ್ಲಿ ತಲುಪಿಸುತ್ತಿದ್ದುದು ಇದೇ ಮಗು. ಮನೆಯಲ್ಲಿ ಬೇರೆ ಗಂಡುಮಕ್ಕಳಿಲ್ಲ. ಈಗ ತಲುಪಿಸುವವಳೇ ಬಳೆ ಪಡೆಯುವವಳಾದರೆ, ತಲುಪಿಸುವವರು ಯಾರು? ಇಂತಿ, ಹೆಸರು ಹೇಳಲಿಚ್ಛಿಸದ ನಿವೃತ್ತ ಶಿಕ್ಷಕಿ, ನೀಲಿ ಗೇಟಿನ ಮನೆ, ಹಳೇ ಅಂಚೆ ಕಚೇರಿ ಹಿಂಭಾಗ."

ಮೂರು ಸಲ ಓದಿದೆ. ಇಷ್ಟು ತಿಂಗಳು ನಾವು ಬೆವರಿದ್ದು ಯಾವುದಕ್ಕೋ, ದೊಡ್ಡಮ್ಮ ಬೆವರಿದ್ದು ಡೆಲಿವರಿಗೆ!

ಹತ್ತು ನಿಮಿಷಕ್ಕೆ ಸರಿಯಾಗಿ ನನ್ನ ಫೋನ್ ಹೊಡೆದುಕೊಂಡಿತು.

"ಏನಿಲ್ಲ ಕಣೇ" ಅಂದರು ದೊಡ್ಡಮ್ಮ. "ಯಾರೋ ನಮ್ ಬೀದಿಯೋರು ಯಾವ್ದೋ ಗುಂಪಿಗೆ ಕಾಗದ ಹಾಕವ್ರಂತೆ. ಹೆಸರಿಲ್ದೆ ಹಾಕಿದ್ರೆ ತಲುಪ್ತೈತಾ ಅಂತ ಕೇಳ್ತಿದ್ರು."

"ತಲುಪಿರುತ್ತೆ, ದೊಡ್ಡಮ್ಮ."

"ನಂದಲ್ಲ ಮತ್ತೆ."

"ಅಯ್ಯೋ, ನಿಮ್ಮದು ಅಂತ ಯಾರಂದ್ರು?"

ಕಾಗದವನ್ನು ಗುಂಪಿಗೆ ಹಾಕುವಾಗ ಊರು, ಶಿಕ್ಷಕಿ, ಗೇಟು, ಅಂಚೆ ಕಚೇರಿ ಎಲ್ಲ ಅಳಿಸಿದೆ. ಉತ್ತರಗಳು ಸುರಿದವು. ಕೊರಿಯರ್ ಮಾಡಿ ಅಂತ ಒಬ್ಬರು. ಅದಕ್ಕೆ ಹೆಸರಿಲ್ಲದ ದೊಡ್ಡಮ್ಮನ ಮಾರುತ್ತರ: "ಗಾಜಿನ ಬಳೆ ಕೊರಿಯರ್ ಮಾಡಿದರೆ ತಲುಪುವುದು ಗಾಜು ಮಾತ್ರ." ಕೊನೆಗೆ ಇನ್ನೊಬ್ಬರು ಬರೆದರು: "ತನ್ನ ಬಳೆ ತೊಟ್ಟುಕೊಂಡು ಅವಳೇ ಹೊರಡಲಿ. ಬೈಕು ಅವಳದೇ ತಾನೇ?" ಇದಕ್ಕೆ ಮಾತ್ರ ದೊಡ್ಡಮ್ಮ ಒಂದು ಕೈಮುಗಿಯುವ ಚಿತ್ರ ಹಾಕಿದರು.

ತಂಗಿಗೆ ಹೇಳಿಬಿಡಲು ನಾಲಗೆ ತುರಿಸುತ್ತಿತ್ತು. ಆದರೆ ಹೆಸರಿಲ್ಲದವರ ಹೆಸರು ಹೊರಗೆ ಬಿಡಬಾರದು ಅನ್ನುವ ನಿಯಮ ಬರೆದವಳೇ ನಾನು. ಬದುಕಿನಲ್ಲಿ ಮೊದಲ ಸಲ ಮಾತಾಡಬೇಕು ಅನ್ನಿಸಿತ್ತು, ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

೫. ಹೆಣ್ಮಕ್ಕಳ ಗ್ರೂಪಿನಲ್ಲಿ ಗಂಡಸು

ಹಬ್ಬಕ್ಕೆ ಒಂದು ವಾರವಿತ್ತು. ಭಾನುವಾರ ಸಂಜೆ ಹಿರಿಯೂರಿನ ಅಂಗಡಿಯಲ್ಲಿ ತಂಗಿಯ ಜೊತೆ ಕೂತಿದ್ದೆ. ಅವಳು ಯಾರದೋ ಫೋನಿನ ಸ್ಕ್ರೀನ್ ಬಿಚ್ಚುತ್ತಿದ್ದಳು. ಅವಳ ಫೋನ್ ಟಿಣ್ ಅಂತು. 'ಮನೆ ಹೆಣ್ಮಕ್ಕಳು' ಗ್ರೂಪಿಗೆ ದೊಡ್ಡಮ್ಮ ಅವಳನ್ನು ಸೇರಿಸಿದ್ದರು.

ಅವಳ ಕೈಯ ಸ್ಕ್ರೂ ಡ್ರೈವರ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವ ಮುಂಚೆಯೇ ಇನ್ನೊಂದು ಟಿಣ್. ದೊಡ್ಡಮ್ಮನ ಹಿರಿಮಗಳು, ಹೊಸದುರ್ಗದ ಅಕ್ಕ. ಅವಳ ಬಾಯಿಗೆ ನಮ್ಮ ದೊಡ್ಡಪ್ಪನೇ ಹೆದರುತ್ತಾರೆ.

"ಅಮ್ಮಾ, ಇದು ಹೆಣ್ಮಕ್ಕಳ ಗ್ರೂಪು. ಗಂಡಸರನ್ನ ಯಾಕೆ ಸೇರ್ಸಿದ್ಯಾ?"

ತಂಗಿ ಫೋನನ್ನು ನನ್ನ ಕಡೆ ತಿರುಗಿಸಿದಳು. "ಅಕ್ಕ, ನಾನೇ ಹೊರಗೆ ಹೋಗ್ಬಿಡ್ಲಾ?" ಅಂದಳು. ಅವಳ ಬೆರಳು ಆಗಲೇ ಆ ಗುಂಡಿಯ ಮೇಲಿತ್ತು. ನಾನು ಅವಳ ಕೈ ಹಿಡಿದುಕೊಂಡೆ.

ಮೂರನೇ ಟಿಣ್. ಅಕ್ಕನದೇ.

"ಆ ಬಳೆಗಾರನ್ನ ಮೊದ್ಲು ತೆಗಿ! ಗ್ರೂಪಿನ ಡಿಪಿನಾಗೆ ನನ್ನ ನೈಟಿ ಫೋಟೋ ಐತೆ!"

ನೋಡಿದರೆ, ತಂಗಿಯ ಹೆಸರಿನ ಕೆಳಗೆ ಇನ್ನೊಂದು ಹೊಸ ನಂಬರು. ಫೋಟೋದಲ್ಲಿ ಬಳೆಯ ರಾಶಿ. ಹೊಳಲ್ಕೆರೆ ಪೇಟೆಯ ಬಳೆ ಅಂಗಡಿಯವರನ್ನೂ ದೊಡ್ಡಮ್ಮ ಅದೇ ಉಸಿರಿನಲ್ಲಿ ಸೇರಿಸಿದ್ದರು. ಪಾಪ, ಆ ಮನುಷ್ಯ ಬರೆದರು: "ನಮಸ್ಕಾರ ಅಕ್ಕೋರೇ, ನಾನೇನೂ ನೋಡಿಲ್ರಿ. ಅಳತೆ ಹೇಳ್ರಿ, ಹೋಗ್ತೀನಿ."

ತಂಗಿ ಸ್ಟೂಲಿನ ಮೇಲೆ ಕುಸಿದು ಕೂತು ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒರೆಸಿದ ಮೇಲೂ ಕಣ್ಣು ತುಂಬುತ್ತಲೇ ಇತ್ತು.

ಅಳತೆಗಳು ಬಂದವು. ಹೊಸದುರ್ಗದ ಅಕ್ಕ ಎರಡು ಎಂಟು. ಅವಳ ಮಗಳು ಎರಡು ನಾಲ್ಕು. ನಾನು ಎರಡು ಆರು. ಆಮೇಲೆ ವಾಯ್ಸ್ ಮೆಸೇಜಿನಲ್ಲಿ ದೊಡ್ಡಮ್ಮನ ದನಿ ಬಂತು. ಬೆರಳಿಗೆ ಪುರುಸೊತ್ತಿರಲಿಲ್ಲ ಅಂತ ಕಾಣುತ್ತೆ, ಹಿಂದೆ ಬಳೆಯ ಸದ್ದು ಕೇಳುತ್ತಿತ್ತು.

"ಹಿರಿಯೂರಿನೋಳೇ, ಎಲ್ಲಾರ್ದೂ ಬಂತು, ನಿಂದೊಂದೇ ಬಾಕಿ. ತಗೊಂಡು ಹೋಗಾಕೂ ನೀನೇ ಬರ್ಬೇಕು ಮತ್ತೆ. ಹೋದ ವರ್ಷ ಹಂಪ್ ಮ್ಯಾಲೆ ಹಾರ್ಸಿ ಅಕ್ಕಂದಿರ ಬಳೆ ಒಡ್ದಿದ್ದೆ, ಈ ಸಲ ಒಡೆದ್ರೆ ನಿಂದೇ ಒಡೀತೈತೆ."

ತಂಗಿ ತನ್ನ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಸುತ್ತಿ ಹಿಡಿದು ನೋಡಿಕೊಂಡಳು. ಇಷ್ಟು ವರ್ಷ ಎಲ್ಲರ ಬಳೆ ಹೊತ್ತವಳಿಗೆ ತನ್ನ ಅಳತೆಯೇ ಗೊತ್ತಿರಲಿಲ್ಲ. ಟೈಪ್ ಮಾಡಿದಳು, ಅಳಿಸಿದಳು. ಮತ್ತೆ ದೊಡ್ಡಮ್ಮನ ದನಿ:

"ಬಳೆ ಅಂಗಡಿ ಬಾಗ್ಲಾಗೇ ನಿಂತೀನಿ ಕಣವ್ವ. ಅಳತೆ ಹೇಳು."